ಪೆಂಟ್ರಿಜ್ ಜೈಲು: ನೋಡೋಕೆ ಹೋಗುವ ಮುಂಚೆ ಏನು ತಿಳಿದಿರಬೇಕು?

ಹೊಸ ಕೋಬರ್ಗಿಗ:
ಮೆಲ್ಬರ್ನ್‌ಗೆ ಬಂದು ಕೋಬರ್ಗ್‌ನಲ್ಲಿ ಮನೆ ಮಾಡಿದ್ದೇವೆ. ಹತ್ತಿರದಲ್ಲೇ ಪೆಂಟ್ರಿಜ್. ಜೈಲಿನ ಕಲ್ಲಿನ ಗೋಡೆ ಇನ್ನೂ ನಿಂತಿದೆ. ಒಳಗೆ ನೋಡಿದರೆ ಸಿನಿಮಾ, ಅಂಗಡಿ, ಅಪಾರ್ಟ್‌ಮೆಂಟ್. ಬಿ ಡಿವಿಷನ್ ಎಂಬ ಜೈಲು ಕಟ್ಟಡದ ಸೆಲ್‌ಗಳು ಹೋಟೆಲ್ ರೂಮುಗಳಾಗಿವೆ! ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರಿಗೂ ತೋರಿಸಬೇಕು. ನೆಟ್‌ನಲ್ಲಿ ಹುಡುಕಿದರೆ ಬರೀ ದೆವ್ವದ ಕಥೆ, ಇಲ್ಲವೇ ರೌಡಿಗಳ ಕಥೆ. ನಿಜವಾಗಿ ಅಲ್ಲಿ ಏನು ನಡೆಯಿತು?

ಶಾರದಾ, ಸಿಡ್ನಿ ರೋಡ್:
ನಾನು ಈ ಕಡೆ ಬಂದಾಗ ಜೈಲು ಇನ್ನೂ ನಡೆಯುತ್ತಿತ್ತು. ಮುಚ್ಚಿದ್ದು 1997ರಲ್ಲಿ. ಮಕ್ಕಳ ಕೈ ಹಿಡಿದುಕೊಂಡು ಹೆಂಗಸರು 19ನೇ ನಂಬರ್ ಟ್ರಾಮಿನಿಂದ ಇಳಿಯುತ್ತಿದ್ದರು, ಒಳಗಿದ್ದ ಗಂಡನನ್ನೋ ಮಗನನ್ನೋ ನೋಡಲು. ಅದನ್ನು ಕಂಡ ನನಗೆ ಈ ದೆವ್ವದ ಕಥೆಗಳು ಕೇಳಿದರೆ ಸಂಕಟ ಆಗುತ್ತದೆ.

ಜೈಲು ಶುರುವಾಗಿದ್ದು 1850ರ ಆಸುಪಾಸಿನಲ್ಲಿ. ನೀವು ದಿನಾ ಓಡಾಡುವ ಸಿಡ್ನಿ ರೋಡಿಗೆ ಕಲ್ಲು ಒಡೆದವರು ಅಲ್ಲಿನ ಕೈದಿಗಳೇ. ಆಗ ಊರಿನ ಹೆಸರೂ ಪೆಂಟ್ರಿಜ್. ಜೈಲಿನ ಹೆಸರು ತಮಗೆ ಬೇಡ ಅಂತ ಜನ 1870ರಲ್ಲಿ ಅದನ್ನು ಕೋಬರ್ಗ್ ಮಾಡಿಕೊಂಡರು.

ಆದರೆ ಅಪ್ಪ ಅಮ್ಮನಿಗೆ ಒಂದೇ ವಿಷಯ ಹೇಳುವುದಾದರೆ ರೊನಾಲ್ಡ್ ರಯಾನ್ ಬಗ್ಗೆ ಹೇಳಿ. 1965ರ ಡಿಸೆಂಬರ್ 19ರಂದು ರಯಾನ್ ಇನ್ನೊಬ್ಬ ಕೈದಿಯ ಜೊತೆ ಗೋಡೆ ಹಾರಿದ. ಹಿಡಿಯಲು ಓಡಿ ಬಂದ ವಾರ್ಡರ್ ಜಾರ್ಜ್ ಹಾಡ್ಸನ್ ಗುಂಡೇಟಿನಿಂದ ಸಿಡ್ನಿ ರೋಡಿನಲ್ಲೇ ಸತ್ತರು. ಅವರಿಗೂ ಒಬ್ಬ ಮಗಳಿದ್ದಳು, ಆ ಮನೆಯ ನೋವನ್ನು ಮರೆಯಬಾರದು. ಆ ಕೊಲೆಗೆ ರಯಾನ್‌ಗೆ ಗಲ್ಲು ಶಿಕ್ಷೆ ಆಯಿತು. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 1951ರಿಂದ ಯಾರನ್ನೂ ಗಲ್ಲಿಗೆ ಹಾಕಿರಲಿಲ್ಲ. ಪತ್ರಿಕೆಗಳು ಬೇಡ ಅಂದವು, ಚರ್ಚಿನವರು ಬೇಡ ಅಂದರು. ತೀರ್ಪು ಕೊಟ್ಟ ಜ್ಯೂರಿಯಲ್ಲೇ ಕೆಲವರು ಬೇಡಿಕೊಂಡರು. ಪ್ರೀಮಿಯರ್ (ಅಂದರೆ ರಾಜ್ಯದ ಮುಖ್ಯಮಂತ್ರಿ) ಹೆನ್ರಿ ಬೋಲ್ಟಿ ಜಗ್ಗಲಿಲ್ಲ. 1967ರ ಫೆಬ್ರವರಿ 3, ಬೆಳಿಗ್ಗೆ 8 ಗಂಟೆಗೆ ಡಿ ಡಿವಿಷನ್‌ನಲ್ಲಿ ಗಲ್ಲಿಗೆ ಹಾಕಿದರು. ಹೊರಗೆ ಸಾವಿರಾರು ಜನ ಸೇರಿದ್ದರು. ಆಮೇಲೆ ಇವತ್ತಿನವರೆಗೆ ಆಸ್ಟ್ರೇಲಿಯಾದಲ್ಲಿ ಯಾರಿಗೂ ಗಲ್ಲು ಆಗಿಲ್ಲ. ವಿಕ್ಟೋರಿಯಾ 1975ರಲ್ಲಿ ಆ ಶಿಕ್ಷೆಯನ್ನೇ ತೆಗೆದುಹಾಕಿತು. ಒಂದು ದೇಶ ತನ್ನ ಮನಸ್ಸು ಬದಲಿಸಿದ ಜಾಗ ಅದು. ಅಲ್ಲಿ ದೆವ್ವ ಹುಡುಕಬೇಕಾ?

ಹಾಸನದ ಹುಡುಗ:
ಜಿಕಾ ಜಿಕಾ ವಿಷಯ ಬಿಟ್ಟಿರಿ. 1980ರಲ್ಲಿ ಶುರುವಾದ ಹೈ ಸೆಕ್ಯೂರಿಟಿ ವಿಭಾಗ. ಒಂಟಿತನ ತಡೆಯಲಾಗದೆ, ಅಲ್ಲಿನ ಪರಿಸ್ಥಿತಿ ವಿರುದ್ಧ ಕೈದಿಗಳು 1987ರ ಅಕ್ಟೋಬರ್‌ನಲ್ಲಿ ಬಾಗಿಲಿಗೆ ಅಡ್ಡ ಇಟ್ಟು ಬೆಂಕಿ ಹಚ್ಚಿದರು. ಐದು ಜನ ಸತ್ತರು. ಹೆಸರಾಂತ ದರೋಡೆಕೋರ ನೆಡ್ ಕೆಲಿಯದ್ದೂ ಹೇಳಬೇಕಲ್ವಾ?

ಶಾರದಾ, ಸಿಡ್ನಿ ರೋಡ್:
ಜಿಕಾ ಜಿಕಾ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಆ ಐದು ಜನರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಾಗೇ ಎಚ್ ಡಿವಿಷನ್‌ನಲ್ಲಿ ಕೈದಿಗಳನ್ನು ಹೊಡೆಯುತ್ತಿದ್ದರು ಎಂಬ ದೂರುಗಳ ಮೇಲೆ 1970ರ ದಶಕದಲ್ಲಿ ಸರ್ಕಾರವೇ ವಿಚಾರಣೆ ಮಾಡಿಸಬೇಕಾಯಿತು.

ಕೆಲಿಯನ್ನು 1880ರಲ್ಲಿ ಗಲ್ಲಿಗೆ ಹಾಕಿದ್ದು ನಗರದ ಮಧ್ಯದ ಹಳೆ ಜೈಲಿನಲ್ಲಿ. ಅವನ ಮೂಳೆಗಳು ಪೆಂಟ್ರಿಜ್‌ಗೆ ಬಂದದ್ದು 1929ರಲ್ಲಿ. 2011ರಲ್ಲಿ ಡಿಎನ್‌ಎಯಿಂದ ಗುರುತು ಸಿಕ್ಕಿತು, 2013ರಲ್ಲಿ ಗ್ರೆಟಾ ಎಂಬ ಊರಿನಲ್ಲಿ ಮನೆಯವರು ಮಣ್ಣು ಮಾಡಿದರು.

ಹೊಸ ಕೋಬರ್ಗಿಗ:
ಇಷ್ಟೆಲ್ಲ ಗೊತ್ತಿರಲಿಲ್ಲ. ಒಳಗೆ ಹೋಗಿ ನೋಡಬಹುದಾ?

ಶಾರದಾ, ಸಿಡ್ನಿ ರೋಡ್:
ನೋಡಬಹುದು. ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ಜೈಲಿನ ಒಳಗೆ ಟೂರ್ ಮಾಡಿಸುತ್ತಾರೆ. ಮುಂಚೆಯೇ ಬುಕ್ ಮಾಡಿ, ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾದರೆ ಫೋನ್ ಮಾಡಿ ಕೇಳಿಕೊಳ್ಳಿ.