ಸಹಾಯ ಬೇಕು: ತತ್ವಶಾಸ್ತ್ರ ಎಂಎ ಮುಗಿದಿದೆ, ಮುಂದೇನು?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ವಯಸ್ಸು 28. ಈಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಕಲಿಸುವುದು ತತ್ವಶಾಸ್ತ್ರ ಅಲ್ಲ ಮಾರಾಯ್ರೆ, ಮೌಲ್ಯ ಶಿಕ್ಷಣ! ಸಂಬಳದಲ್ಲಿ ಬಸ್ ಪಾಸ್, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ.

ಪಿಎಚ್‌ಡಿ ಮಾಡುವ ಆಸೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಆದರೆ ಅದಕ್ಕೆ ಸಾಮಾನ್ಯ ವರ್ಗದವರಿಗೆ 30 ವರ್ಷದ ಮಿತಿ, ನನಗೆ ಉಳಿದಿರುವುದು ಸ್ವಲ್ಪವೇ ಸಮಯ.

ಮಠದ ಊರಿನಲ್ಲಿ ಬೆಳೆದ ಕಾರಣ ದ್ವೈತ, ಅದ್ವೈತದ ವಾದ ಕಿವಿಗೆ ಬಿದ್ದೇ ಇದೆ. ಕಾಂಟ್, ವಿಟ್ಗೆನ್‌ಸ್ಟೈನ್‌ನಂಥ ಪಾಶ್ಚಾತ್ಯ ತತ್ವಜ್ಞಾನಿಗಳು ಬಂದರೆ ಮಾತ್ರ ಬೆವರು. ನೆಟ್‌ನ ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, ಎಲ್ಲವೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಾನು ಓದಿದ್ದು ಕನ್ನಡ ಮಾಧ್ಯಮ.

ಪಾಶ್ಚಾತ್ಯ ಭಾಗಕ್ಕೆ ನೀವು ಹೇಗೆ ತಯಾರಾದಿರಿ? ಜೆಆರ್‌ಎಫ್ ಬಾರದೆ ಪಿಎಚ್‌ಡಿಗೆ ಮಾತ್ರ ಅರ್ಹನಾದರೆ ಆ ಅಂಕ ಒಂದೇ ವರ್ಷ ನಡೆಯುತ್ತದೆ, ಅಷ್ಟರಲ್ಲಿ ಗೈಡ್ ಹುಡುಕುವುದು ಹೇಗೆ? ಮಧ್ವರ ಜ್ಞಾನಮೀಮಾಂಸೆ (ಅರಿವು ಎಂದರೇನು, ಹೇಗೆ ಬರುತ್ತದೆ ಎಂಬ ವಿಚಾರ) ಮೇಲೆ ಕೆಲಸ ಮಾಡಬೇಕೆಂದಿದ್ದೇನೆ. ಮಣಿಪಾಲ, ಮೈಸೂರು ಕಡೆ ಸಂಶೋಧನೆ ಮಾಡಿದವರು ಯಾರಾದರೂ ಇದ್ದೀರಾ?

"ಬಿಎಡ್ ಮಾಡು" ಅಂತ ಮಾತ್ರ ಹೇಳಬೇಡಿ, ಅದನ್ನು ಮನೆಯಲ್ಲಿ ದಿನಾ ಕೇಳ್ತಾ ಇದ್ದೇನೆ. ಹಳೆಯ ನೋಟ್ಸ್ ಇದ್ದರೆ ನಾನೇ ಬಂದು ಜೆರಾಕ್ಸ್ ಮಾಡಿಕೊಳ್ಳುತ್ತೇನೆ.