ಸ್ಟೀರಿಂಗ್ ಒಂದು ಗೇಣು ಲೂಸು: ಬಾಕ್ಸಿನ ಸ್ಕ್ರೂ ಬಿಗಿ ಮಾಡುವುದಾ, ಬೇಡವಾ?

ಕಡಲ್_ಗಾಡಿ (ಸುರತ್ಕಲ್)
ಎಲ್ಲರಿಗೂ ನಮಸ್ಕಾರ. ನಮ್ಮದು 1996ರ ಸ್ವರಾಜ್ ಮಜ್ದಾ. ಮೊದಲು ಶಾಲೆ ಬಸ್ಸಾಗಿತ್ತು. ಸೀಟು ಕಿತ್ತು ಮಂಚ, ಒಲೆ, ಹಿಂದೆ 250 ಲೀಟರಿನ ನೀರಿನ ಟ್ಯಾಂಕು, ಮೂಲೆಯಲ್ಲಿ ಒಬ್ಬರು ಕಷ್ಟಪಟ್ಟು ನಿಲ್ಲುವಷ್ಟು ಬಚ್ಚಲು ಮಾಡಿಸಿದ್ದೇವೆ. ಆರ್‌ಟಿಒ ಕಾಗದವೆಲ್ಲ ಸರಿ ಉಂಟು, ಆ ಚರ್ಚೆ ಇಲ್ಲಿ ಬೇಡ.

ತೊಂದರೆ ಸ್ಟೀರಿಂಗಿನದ್ದು. ಪಡುಬಿದ್ರಿ ದಾಟಿ ಕಾಪು ಕಡೆ 60ರಲ್ಲಿ ಹೋಗುವಾಗ ಕೈ ಸುಮ್ಮನಿರುವ ಹಾಗೇ ಇಲ್ಲ. ಆಚೆ ಈಚೆ ತಿರುಗಿಸುತ್ತಲೇ ಇರಬೇಕು. ಮೀನಿನ ಲಾರಿಯೊಂದು ಪಕ್ಕದಲ್ಲಿ ಹಾದು ಹೋದರೆ ಗಾಡಿ ಒಂದು ಮೊಳ ಜರುಗುತ್ತದೆ. ಮೊನ್ನೆ ಮರವಂತೆಗೆ ಹೋಗಿದ್ದೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಹೆಂಡತಿ ಎರಡನ್ನೂ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು.

ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರದ ಕಡೆ ದಾಟಿಸುವ ಹಲ್ಲಿನ ಪೆಟ್ಟಿಗೆ) ಮೇಲಿರುವ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿಕೊಟ್ಟರು. ಎರಡು ದಿನ ಚೆಂದ ಅನ್ನಿಸಿತು. ಈಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ನೇರ ರಸ್ತೆಯಲ್ಲಿ ಓಲಾಡುವುದು ಮಾತ್ರ ಹಾಗೇ ಉಂಟು. ಇನ್ನೊಬ್ಬರು ಬಾಕ್ಸೇ ಬದಲಿಸಿ ಅಂತಾರೆ. ಏನು ಮಾಡಲಿ?

ಬೈಕಂಪಾಡಿ_ಸ್ಪ್ಯಾನರ್
ಮೊದಲು ಆ ಸ್ಕ್ರೂ ಇದ್ದ ಜಾಗಕ್ಕೆ ವಾಪಸ್ ತಿರುಗಿಸಿ. ಇವತ್ತೇ. ಉಳಿದದ್ದು ಆಮೇಲೆ ಮಾತಾಡುವ.

ಆ ಬಾಕ್ಸಿನ ಒಳಗೆ ಹಲ್ಲುಗಳು ನೇರ ಹೋಗುವ ಜಾಗದಲ್ಲಿ ಮಾತ್ರ ಒತ್ತಿ ಕೂರುವ ಹಾಗೆ ಮಾಡಿರುತ್ತಾರೆ. ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಅಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಷ್ಟು ವರ್ಷ ಓಡಿದ ಬಾಕ್ಸಿನಲ್ಲಿ ಸವೆದಿರುವುದು ನಡುವಿನ ಹಲ್ಲು, ಯಾಕಂದ್ರೆ ಗಾಡಿ ಜಾಸ್ತಿ ಹೊತ್ತು ನೇರವೇ ಓಡುವುದು. ನಡುವಿನ ಸಡಿಲ ತೆಗೆಯಲು ಹೋಗಿ ಬಿಗಿ ಮಾಡಿದರೆ ಬದಿಯ ಸವೆಯದ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ಸ್ಟೀರಿಂಗ್ ವಾಪಸ್ ಬಾರದಿರುವುದು ಅದಕ್ಕೇ.

ಟೂರಿಂಗ್_ಕುಡ್ಲ
ಸ್ಪ್ಯಾನರಣ್ಣ, ಹಾಗಾದ್ರೆ ಕಂಪನಿಯವರು ಆ ಸ್ಕ್ರೂ ಇಟ್ಟದ್ದು ಎಂತಕ್ಕೆ? ಚೆಂದಕ್ಕಾ? ನನ್ನ ಹಳೆ ವ್ಯಾನಿಗೆ ನಾನೇ ಕಾಲು ಸುತ್ತು ಬಿಗಿ ಮಾಡಿದ್ದೇನೆ. ನಾಲ್ಕು ವರ್ಷ ಆಯಿತು, ಗಾಡಿ ಬಾಣದ ಹಾಗೆ ಹೋಗುತ್ತದೆ. ಎಲ್ಲವನ್ನೂ ಹೆದರಿಸಿ ಹೇಳುವುದು ಬೇಡ ಮಾರಾಯ್ರೆ.

ಬೈಕಂಪಾಡಿ_ಸ್ಪ್ಯಾನರ್
ಸ್ಕ್ರೂ ತಿರುಗಿಸಲೇಬಾರದು ಅಂತ ನಾನು ಹೇಳಿಲ್ಲ. ಅದು ಕೊನೆಯ ಕೆಲಸ, ಮೊದಲನೆಯದ್ದಲ್ಲ. ಮತ್ತೆ ಅದಕ್ಕೊಂದು ಕ್ರಮ ಉಂಟು. ಬಾಕ್ಸಿನ ಕಡೆಯಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳು, ಅಂದ್ರೆ ಡ್ರ್ಯಾಗ್ ಲಿಂಕ್ ಕಳಚಬೇಕು. ಬಾಕ್ಸನ್ನು ಈ ತುದಿಯಿಂದ ಆ ತುದಿಗೆ ಸುತ್ತು ಎಣಿಸಿ ಸರಿ ನಡುವಿಗೆ ತರಬೇಕು. ಒಳಗಿನ ಶಾಫ್ಟಿನ ಬೇರಿಂಗ್ ಸಡಿಲ ಇದ್ದರೆ ಮೊದಲು ಅದು. ಆಮೇಲೆ ಸ್ಕ್ರೂ, ಅದೂ ಸ್ವಲ್ಪ ಸ್ವಲ್ಪವೇ, ಪ್ರತಿ ಸಲ ಕೈಯಿಂದ ಪೂರ್ತಿ ತಿರುಗಿಸಿ ನೋಡುತ್ತಾ. ರಸ್ತೆ ಬದಿಯಲ್ಲಿ ನಿಂತು ಅರ್ಧ ಸುತ್ತು ಬಿಗಿ ಮಾಡುವುದು ರಿಪೇರಿ ಅಲ್ಲ. ನಿಮ್ಮದು ಸರಿಯಾಯಿತಾ? ನಿಮ್ಮ ಬಾಕ್ಸಿನಲ್ಲಿ ಸವೆತ ಅಷ್ಟೇ ಇತ್ತು, ನಿಮ್ಮ ಪುಣ್ಯ.

ಹಳೆಕಾಲದ_ಚಕ್ರ
ಒಂದು ಮಾತು. 1996ರ ಗಾಡಿಯನ್ನು ವಿಂಟೇಜ್ ಅನ್ನಲು ಆಗುವುದಿಲ್ಲ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿ ಆಗಿ 50 ವರ್ಷ ದಾಟಬೇಕು, ಮೂಲ ರೂಪದಲ್ಲೂ ಇರಬೇಕು.

ಕಡಲ್_ಗಾಡಿ
ನಾನು ವಿಂಟೇಜ್ ಅಂತ ಎಲ್ಲಿ ಬರೆದೆ ಸ್ವಾಮಿ? ಬಚ್ಚಲು ಕೂಡಿಸಿದ ಶಾಲೆ ಬಸ್ಸು ಇದು.

ಕುಂದಾಪ್ರದ_ಗೌರಿ
ಹ್ವಾಯ್, ಜಗಳ ಆಮೇಲೆ ಮಾಡಿ. ಸಡಿಲ ಎಷ್ಟು ಅಂತ ಅಳೆದಿದ್ದೀರಾ? ಸ್ಟೀರಿಂಗ್ ಚಕ್ರದ ಅಂಚಿಗೆ ಒಂದು ಚೂರು ಟೇಪ್ ಅಂಟಿಸಿ. ಪಕ್ಕದಲ್ಲಿ ಸ್ಕೇಲು ಹಿಡಿಯಿರಿ. ಚಕ್ರ ನೇರ ಇಟ್ಟು, ಎರಡು ಬೆರಳಲ್ಲಿ ಮೆಲ್ಲ ಆಚೆ ಈಚೆ ತಿರುಗಿಸಿ. ಒಬ್ಬರು ಹೊರಗೆ ನಿಂತು ಮುಂದಿನ ಟೈರು ಅಲ್ಲಾಡುವಾಗ ಹೇಳಲಿ. ನಮ್ಮ ಅಪ್ಪನ ಟೆಂಪೊ ಹೀಗೇ ಇತ್ತು. "ಸಿಕ್ಕಾಪಟ್ಟೆ ಲೂಸು" ಅಂತ ಎಲ್ಲರೂ ಹೇಳುವುದು, ಸೆಂಟಿಮೀಟರು ಯಾರೂ ಹೇಳುವುದಿಲ್ಲ. ಅಳತೆ ಬರೆದಿಡದಿದ್ದರೆ ರಿಪೇರಿ ಆದ ಮೇಲೆ ಏನು ಸರಿಯಾಯಿತು ಅಂತ ಹೇಗೆ ಗೊತ್ತಾಗಬೇಕು?

ಕಡಲ್_ಗಾಡಿ
ಸ್ಕ್ರೂ ವಾಪಸ್ ತಿರುಗಿಸಿದೆ. ಮೆಕ್ಯಾನಿಕ್ ಹೊಸದಾಗಿ ಗೀಚಿದ ಗುರುತು ಇತ್ತು, ಸುಲಭವಾಯಿತು. ಸ್ಟೀರಿಂಗ್ ಈಗ ವಾಪಸ್ ಬರುತ್ತದೆ. ಟೇಪ್ ಅಂಟಿಸಿ ಅಳೆದೆ. 11 ಸೆಂಟಿಮೀಟರ್. ಸ್ಟೀರಿಂಗ್ ಚಕ್ರದ ಅಗಲ 45.

ಮಣಿಪಾಲದ_ಲೆಕ್ಕ
11 ಅಂದ್ರೆ ಜಾಸ್ತಿಯೇ. ಸುತ್ತಳತೆ 141 ಸೆಂಟಿಮೀಟರ್, ಹಾಗಾಗಿ ಹತ್ತಿರ ಹತ್ತಿರ 28 ಡಿಗ್ರಿ. ಬಾಕ್ಸಿನ ಅನುಪಾತ 20ಕ್ಕೆ 1 ಅಂತ ಇಟ್ಟುಕೊಳ್ಳಿ, ಅಂದ್ರೆ ಸ್ಟೀರಿಂಗ್ 20 ಡಿಗ್ರಿ ತಿರುಗಿದರೆ ಟೈರು 1 ಡಿಗ್ರಿ. ಮುಂದಿನ ಚಕ್ರದಲ್ಲಿ 1.4 ಡಿಗ್ರಿ ಆಯಿತು, ನಡುವಿನಿಂದ ಒಂದು ಬದಿಗೆ 0.7. ಚಕ್ರಗಳ ನಡುವಿನ ಉದ್ದ 3.3 ಮೀಟರ್ ಹಿಡಿದರೆ, 60ರ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಹೋಗುತ್ತದೆ. ಟೈರು ಜಾರುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನೀವು "ಒಂದು ಮೊಳ" ಅಂದದ್ದು ಉತ್ಪ್ರೇಕ್ಷೆ ಅಲ್ಲ, ಸರಿ ಇದೆ.

ಆದರೆ ನನ್ನ ಪ್ರಶ್ನೆ ಬೇರೆ. ಟ್ಯಾಂಕು ಎಲ್ಲಿ ಕೂಡಿಸಿದ್ದೀರಿ? ಹಿಂದಿನ ಆಕ್ಸಲಿಗಿಂತ ಹಿಂದೆಯಾ?

ಕಡಲ್_ಗಾಡಿ
ಹೌದು, ಕಟ್ಟ ಕಡೆಗೆ. ಆಕ್ಸಲಿನಿಂದ 1.2 ಮೀಟರ್ ಹಿಂದೆ.

ಮಣಿಪಾಲದ_ಲೆಕ್ಕ
ಹಾಗಾದ್ರೆ ಕೇಳಿ. ಮಕ್ಕಳು ಮರದ ಹಲಗೆ ಮೇಲೆ ಏರಿಳಿಯುವ ಆಟ ಆಡುತ್ತಾರಲ್ಲ, ಅದೇ ಇಲ್ಲಿ. ಟ್ಯಾಂಕು ತುಂಬಿದಾಗ 250 ಕಿಲೋ ನೀರು ಹಿಂದೆ ಒತ್ತುತ್ತದೆ. ಮುಂದಿನ ಚಕ್ರದ ಮೇಲಿನಿಂದ 90 ಕಿಲೋ ಕಡಿಮೆಯಾಗುತ್ತದೆ. ಹಿಂದೆ ತಗ್ಗಿ ಮುಂದೆ ಎದ್ದರೆ ಕಿಂಗ್ ಪಿನ್ನಿನ (ಮುಂದಿನ ಚಕ್ರ ಎಡ ಬಲ ತಿರುಗುವುದು ಈ ಗೂಟದ ಮೇಲೆ) ಓರೆ ಕೂಡ ಬದಲಾಗುತ್ತದೆ. ಸ್ಟೀರಿಂಗ್ ನೇರಕ್ಕೆ ಬರುವುದು ಮುಖ್ಯವಾಗಿ ಆ ಓರೆಯಿಂದ, ನಾವು ಕ್ಯಾಸ್ಟರ್ ಅನ್ನುತ್ತೇವಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇರಬಹುದು. ಲೂಸು ಒಂದು, ಓಲಾಟ ಇನ್ನೊಂದು. ಲೂಸನ್ನು ಸ್ಕೇಲಿನಲ್ಲಿ ಅಳೆಯಬಹುದು. ಓಲಾಟ ರಸ್ತೆಯಲ್ಲೇ ಗೊತ್ತಾಗಬೇಕು.

ಟೂರಿಂಗ್_ಕುಡ್ಲ
ಇಷ್ಟೆಲ್ಲ ಲೆಕ್ಕದ ಬದಲು ಒಂದು ಪವರ್ ಸ್ಟೀರಿಂಗ್ ಹಾಕಿಸಿದ್ರೆ ಮುಗಿಯಲಿಲ್ವಾ? ಕೈಗೂ ಆರಾಮ. ಇಲ್ಲದಿದ್ರೆ ಡ್ಯಾಂಪರ್ ಹಾಕಿ.

ಹೆಬ್ರಿ_ಘಾಟಿ
ನಾನು ಬಸ್ಸು ಬಿಟ್ಟವ. ಆಗುಂಬೆಯ 14 ತಿರುವು ಕಣ್ಣು ಮುಚ್ಚಿ ಹೇಳುತ್ತೇನೆ (ಕಣ್ಣು ಮುಚ್ಚಿ ಹತ್ತಲಿಲ್ಲ, ಹೆದರಬೇಡಿ). ಸವೆದ ಜಾಯಿಂಟಿಗೆ ಪವರ್ ಸ್ಟೀರಿಂಗ್ ಹಾಕುವುದು ಅಂದ್ರೆ ಕುಂಟ ಎತ್ತಿಗೆ ಇನ್ನೊಂದು ಮೂಟೆ ಹೇರಿದ ಹಾಗೆ. ಜೋರು ಜಾಸ್ತಿಯಾಗುತ್ತದೆ, ಸಡಿಲ ಅಲ್ಲೇ ಇರುತ್ತದೆ. ನಿಮ್ಮ ಕೈಗೆ ಗೊತ್ತಾಗುವುದಿಲ್ಲ, ಅಷ್ಟೇ. ಡ್ಯಾಂಪರೂ ನಡುಕ ಮುಚ್ಚಿಡುವ ಸಾಮಾನು. ಘಾಟಿಯಲ್ಲಿ ನನಗೆ ಬೇಕಾದದ್ದು ಒಂದೇ: ತಿರುವಿನಿಂದ ಹೊರಗೆ ಬರುವಾಗ ಸ್ಟೀರಿಂಗ್ ತಾನಾಗಿ ಬಿಚ್ಚಿಕೊಳ್ಳಬೇಕು. ಅದು ಬಾರದ ಗಾಡಿಯನ್ನು ನಾನು ಡಿಪೋದಲ್ಲೇ ಬಿಟ್ಟು ಬರುತ್ತಿದ್ದೆ.

ಬೈಕಂಪಾಡಿ_ಸ್ಪ್ಯಾನರ್
ಕಡಲ್ ಗಾಡಿಯವರೇ, ಈಗ ಹೀಗೆ ಮಾಡಿ. ಜ್ಯಾಕ್ ಹಾಕಬೇಡಿ. ಗಾಡಿ ಟೈರಿನ ಮೇಲೇ ನಿಂತಿರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ಆಫ್. ಒಬ್ಬರು ಮೇಲೆ ಕೂತು ಆ 11 ಸೆಂಟಿಮೀಟರಿನ ಒಳಗೇ ಆಚೆ ಈಚೆ ತಿರುಗಿಸುತ್ತಾ ಇರಲಿ. ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮುಟ್ಟುತ್ತಾ ಬನ್ನಿ. ಸ್ಟೀರಿಂಗ್ ಕಂಬದ ಜಾಯಿಂಟ್, ಬಾಕ್ಸ್, ಡ್ರಾಪ್ ಆರ್ಮ್ (ಬಾಕ್ಸಿನಿಂದ ಹೊರಗೆ ಬಂದ ತೋಳು), ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ (ಮುಂದಿನ ಎರಡು ಚಕ್ರ ಜೋಡಿಸುವ ಸರಳು) ಎರಡು ತುದಿ. ಬೆರಳು ಎರಡೂ ತುಂಡಿನ ಮೇಲೆ ಒಟ್ಟಿಗೆ ಇರಲಿ. ಒಂದು ಅಲ್ಲಾಡಿ ಇನ್ನೊಂದು ಅಲ್ಲಾಡದಿದ್ದರೆ ಕಳ್ಳ ಸಿಕ್ಕಿದ.

ಇನ್ನೊಂದು ವಿಷಯ. ಮೊದಲು ನೀರು ಹೊಡೆದು ತೊಳೆಯಿರಿ. ಸಡಿಲವಾದ ಜಾಯಿಂಟಿನ ಸುತ್ತ ತುಕ್ಕಿನ ಕೆಂಪು ಪುಡಿ ಬರುತ್ತದೆ, ಅದು ಒಳ್ಳೆ ಗುರುತು. ಆದರೆ ನಮ್ಮೂರ ಮಣ್ಣೇ ಕೆಂಪು. ತೊಳೆಯದಿದ್ದರೆ ಎಲ್ಲ ಜಾಯಿಂಟೂ ಹಾಳಾದ ಹಾಗೇ ಕಾಣುತ್ತದೆ. ತೊಳೆದು ಒಂದು ದಿನ ಡಾಂಬರು ರಸ್ತೆಯಲ್ಲೇ ಓಡಿಸಿ, ಆಮೇಲೆ ನೋಡಿ.

ಕಡಲ್_ಗಾಡಿ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಸಿಕ್ಕಿತು. ಒಂದಲ್ಲ, ಎರಡು.

ಹೆಂಡತಿ ಮೇಲೆ ಕೂತು ತಿರುಗಿಸಿದಳು, ನಾನು ಕೆಳಗೆ ಚಾಪೆ ಹಾಕಿ ಮಲಗಿದೆ. ಕಂಬದ ಜಾಯಿಂಟ್ ಗಟ್ಟಿ ಇತ್ತು. ಬಾಕ್ಸಿನ ಮೇಲೆ ಕೈ ಇಟ್ಟರೆ ಬಾಕ್ಸೇ ತಲೆ ಅಲ್ಲಾಡಿಸುತ್ತಿದೆ! ಚಾಸಿಗೆ ಹಿಡಿಸಿದ ಕೆಳಗಿನ ಬೋಲ್ಟ್ ಸಡಿಲ. ಅದರ ವಾಷರಿನ ಕೆಳಗಿಂದ ತುಕ್ಕಿನ ಗೆರೆಯೊಂದು ಕಣ್ಣೀರಿನ ಹಾಗೆ ಇಳಿದಿತ್ತು.

ಆಮೇಲೆ ಡ್ರ್ಯಾಗ್ ಲಿಂಕಿನ ಮುಂದಿನ ತುದಿ. ಬಾಲ್ ಜಾಯಿಂಟಿನ ರಬ್ಬರು ಹರಿದು ಒಳಗೆ ಗ್ರೀಸಿನ ಬದಲು ಮರಳು. ಡ್ರಾಪ್ ಆರ್ಮ್ ಅಲ್ಲಾಡಿದರೂ ಲಿಂಕ್ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಹೊರಡುತ್ತಿತ್ತು. ಇದಕ್ಕಿಂತ ಹೆದರಿಕೆ ಆದದ್ದು ಅದರ ನಟ್ಟು ನೋಡಿ. ನಟ್ಟು ಬಿಚ್ಚದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ಒಂದು ಮೊಳೆ. ಮಾಡಿಗೆ ರೀಪು ಹೊಡೆಯುವ ಮೊಳೆ! ಬಗ್ಗಿಸಿ ಸಿಕ್ಕಿಸಿದ್ದಾರೆ. ಯಾವ ಕಾಲದಲ್ಲಿ ಯಾರು ಹಾಕಿದ್ದೋ.

ಕುಂದಾಪ್ರದ_ಗೌರಿ
ಅಯ್ಯೋ ದೇವರೇ. ಆ ಮೊಳೆಯ ಮೇಲೆ ನೀವು ಮರವಂತೆಗೆ ಬಂದು ಹೋದದ್ದು.

ಟೂರಿಂಗ್_ಕುಡ್ಲ
ಸರಿ, ಸ್ಕ್ರೂ ವಿಷಯದಲ್ಲಿ ಸೋತೆ. ಆದರೆ ಬಾಲ್ ಜಾಯಿಂಟ್ ಹೊಸದು ತರುವ ಮೊದಲು ಒಂದು ಉಪಾಯ ಉಂಟು. ಅದರ ಗುಂಡು ಕೂರುವ ಬಟ್ಟಲನ್ನು ಬಿಸಿ ಮಾಡಿ ಸ್ವಲ್ಪ ಬಡಿದು ಕೂಡಿಸಿದ್ರೆ...

ಬೈಕಂಪಾಡಿ_ಸ್ಪ್ಯಾನರ್
ಬೇಡ. ಸ್ಟೀರಿಂಗಿನ ಯಾವ ತುಂಡಿಗೂ ಬೆಂಕಿ ಇಲ್ಲ, ವೆಲ್ಡಿಂಗ್ ಇಲ್ಲ, ಸುತ್ತಿಗೆಯಿಂದ ಬಡಿದು ಬಿಗಿ ಮಾಡುವುದೂ ಇಲ್ಲ. ಬಿಸಿ ಮಾಡಿದರೆ ಆ ಉಕ್ಕಿನ ಹದ ಹೋಗುತ್ತದೆ. ಮುರಿಯುವಾಗ ಮೊದಲೇ ಹೇಳಿ ಮುರಿಯುವುದಿಲ್ಲ. ಹೊಸ ಜಾಯಿಂಟ್, ಹೊಸ ನಟ್ಟು, ಹೊಸ ಸ್ಪ್ಲಿಟ್ ಪಿನ್. ಬಾಕ್ಸಿನ ಬೋಲ್ಟುಗಳನ್ನೂ ಎಲ್ಲ ಹೊಸದೇ ಹಾಕಿ. ಬೋಲ್ಟ್ ಸಡಿಲ ಇದ್ದ ಜಾಗದಲ್ಲಿ ಚಾಸಿ ಕೆರೆದು ಬಣ್ಣ ತೆಗೆದು ನೋಡಿ, ಕೂದಲೆಳೆ ಬಿರುಕು ಇರಬಹುದು.

ಈಗ ಜ್ಯಾಕ್ ಹಾಕುವ ಸಮಯ. ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಒಬ್ಬರು ಬ್ರೇಕ್ ಒತ್ತಲಿ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ಸಡಿಲ ಇರುವುದು ಚಕ್ರದ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್.

ಮಣಿಪಾಲದ_ಲೆಕ್ಕ
ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ನೋಡಿ. 3115 ಅಂತ ಇದ್ದರೆ 2015ರ 31ನೇ ವಾರದ್ದು. ಇಂಥ ಗಾಡಿಗಳು ನಿಂತೇ ಇರುವುದು ಜಾಸ್ತಿ. ಮೇಲೆ ಹೊಸದರ ಹಾಗೆ ಕಾಣುತ್ತದೆ, ಬದಿಯಲ್ಲಿ ಒಡೆದಿರುತ್ತದೆ. ಮೆತ್ತಗಾದ ಟೈರು ಕೂಡ ಸ್ಟೀರಿಂಗ್ ಲೂಸಿನ ಹಾಗೇ ಅನ್ನಿಸುತ್ತದೆ.

ಕಡಲ್_ಗಾಡಿ
ಹತ್ತು ದಿನದ ವರದಿ. ಬೋಲ್ಟು, ಬಾಲ್ ಜಾಯಿಂಟ್ ಹೊಸದು ಹಾಕಿಸಿದೆ. ಚಾಸಿಯಲ್ಲಿ ಬಿರುಕಿಲ್ಲ. 11 ಇದ್ದದ್ದು 4ಕ್ಕೆ ಬಂತು. ಬಾಕ್ಸ್ ಹಳೆಯದೇ, ಸ್ಕ್ರೂ ಯಾರೂ ಮುಟ್ಟಲಿಲ್ಲ. ಟೈರು 2017ರದ್ದು, ಎರಡು ಬದಲಿಸಬೇಕು.

ಮಣಿಪಾಲದ ಲೆಕ್ಕದವರ ಮಾತೂ ನಿಜವಾಯಿತು. ಟ್ಯಾಂಕು ತುಂಬಿಸಿ ಉಳ್ಳಾಲದ ಕಡೆ ನೇತ್ರಾವತಿ ಸೇತುವೆ ದಾಟಿದೆ, ಗಾಳಿಗೆ ಇನ್ನೂ ಸ್ವಲ್ಪ ಓಲಾಡಿತು. ನೀರು ಖಾಲಿ ಮಾಡಿ ಅದೇ ಸೇತುವೆ ವಾಪಸ್ ಬಂದೆ. ಬೇರೆಯೇ ಗಾಡಿ! ಗಾಳಿ ಎರಡು ಸಲವೂ ಒಂದೇ ರೀತಿ ಇತ್ತು ಅಂತ ಪ್ರಮಾಣ ಮಾಡಲಾರೆ, ಆದರೂ.

ಹೆಬ್ರಿ_ಘಾಟಿ
ಟ್ಯಾಂಕು ಎರಡು ಆಕ್ಸಲ್ ನಡುವೆ ತನ್ನಿ. ಖಾಲಿ ಓಡಿಸುತ್ತೇನೆ ಅಂತೀರಿ, ಒಂದು ದಿನ ಮರೆತು ತುಂಬಿಸಿ ಚಾರ್ಮಾಡಿ ಹತ್ತುತ್ತೀರಿ.

ಮಣಿಪಾಲದ_ಲೆಕ್ಕ
ನಡುವೆ ತರಲು ಜಾಗ ಇಲ್ಲದಿದ್ದರೆ 100 ಲೀಟರಿನ ಸಣ್ಣ ಟ್ಯಾಂಕು ಸಾಕು. ಕರಾವಳಿಯಲ್ಲಿ ನೀರಿಗೆ ಬರವಾ? ಸ್ಪ್ರಿಂಗಿನ ಕೆಳಗೆ ಬೆಣೆ ಕೊಟ್ಟು ಕ್ಯಾಸ್ಟರ್ ಸರಿ ಮಾಡುವ ಯೋಚನೆ ಮಾತ್ರ ಭಾರ ಸರಿಯಾದ ಮೇಲೆ.

ಟೂರಿಂಗ್_ಕುಡ್ಲ
ಟ್ಯಾಂಕು ತೆಗೆದ್ರೆ ಬಚ್ಚಲು ಎಂತಕ್ಕೆ ಮತ್ತೆ? ನಾನಾಗಿದ್ರೆ ಪವರ್ ಸ್ಟೀರಿಂಗೇ ಹಾಕಿಸ್ತಿದ್ದೆ. ಹೇಳಿದ್ದು ಹೇಳಿದೆ.

ಕಡಲ್_ಗಾಡಿ
ಬಚ್ಚಲಿನ ವಿಷಯ ಮನೆಯಲ್ಲಿ ಚರ್ಚೆಯಲ್ಲಿದೆ, ಅಲ್ಲಿ ನನಗೆ ಓಟಿಲ್ಲ.

ಜ್ಯಾಕ್ ಹಾಕಿಯೂ ನೋಡಿದೆ. ಬಲಗಡೆ ಗಟ್ಟಿ. ಎಡಗಡೆ ಚಕ್ರ ಮೇಲೆ ಕೆಳಗೆ ಕಟಕಟ ಅನ್ನುತ್ತದೆ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ. ಕಿಂಗ್ ಪಿನ್ನೇ ಅಲ್ವಾ? ಒಂದೇ ಬದಿ ಮಾಡಿಸಿದರೆ ಸಾಕಾ?

ಬೈಕಂಪಾಡಿ_ಸ್ಪ್ಯಾನರ್
ಎರಡೂ ಬದಿ ಮಾಡಿಸಿ. ಹೊಸ ಬುಶ್ (ಪಿನ್ನು ಕೂರುವ ಬಳೆ) ಒತ್ತಿ ಕೂಡಿಸಿದ ಮೇಲೆ ಮೇಲಿನದ್ದು ಕೆಳಗಿನದ್ದು ಒಂದೇ ಸಾಲಿಗೆ ಬರುವ ಹಾಗೆ ರೀಮರ್ (ತೂತನ್ನು ಸರಿ ಅಳತೆಗೆ ತರುವ ಸಾಧನ) ಹೊಡೆಯಬೇಕು. ಮರಳು ಕಾಗದದಲ್ಲಿ ಉಜ್ಜಿ ಕೂಡಿಸುವವರ ಹತ್ತಿರ ಹೋಗಬೇಡಿ. ಆಮೇಲೆ ಗ್ರೀಸ್ ಹೊಡೆಯುವಾಗ ಚಕ್ರ ಎತ್ತಿ ಹೊಡೆಯಿರಿ, ಭಾರ ಇದ್ದರೆ ಕೆಳಗಿನ ಬೇರಿಂಗಿಗೆ ಗ್ರೀಸ್ ಸರಿಯಾಗಿ ಇಳಿಯುವುದಿಲ್ಲ. ಕಡಲ ಬದಿಯಲ್ಲಿ ಓಡುವ ಗಾಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬೇಕು.

ಕಡಲ್_ಗಾಡಿ
ಜೂನಿನ ಮೊದಲೇ ಮಾಡಿಸಿಬಿಡುತ್ತೇನೆ. ಸುರತ್ಕಲ್‌ನಿಂದ ಉಡುಪಿ ಒಳಗೆ ರೀಮರ್ ಇಟ್ಟುಕೊಂಡಿರುವ ಮೆಷಿನ್ ಶಾಪ್ ಯಾರಿಗಾದರೂ ಗೊತ್ತಿದ್ದರೆ ಖಾಸಗಿ ಸಂದೇಶ ಹಾಕಿ.