.22 ರೈಫಲ್ ಕೊಳ್ಳುವ ಮೊದಲು: ಬೆಳಗಾವಿಯ ಶೂಟಿಂಗ್ ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬಾಗಲಕೋಟೆ): ಸರ್, ನನಗೆ 26 ವರ್ಷ. ಏರ್ ರೈಫಲ್‌ನಿಂದ ಈಗ 50 ಮೀಟರ್ ಥ್ರೀ ಪೊಸಿಷನ್‌ಗೆ ಹೋಗಬೇಕು ಅಂತಿದ್ದೇನೆ. ಪರವಾನಗಿಗೆ ಅರ್ಜಿ ಹಾಕಿದ್ದೇನೆ. ಒಬ್ಬರು ಹಳೆಯ ಆನ್‌ಶುಟ್ಸ್ 1907 ಮಾದರಿಯ ರೈಫಲ್ ಮಾರುತ್ತಿದ್ದಾರೆ. ಐದು ಗುಂಡು ಒಂದೇ ತೂತಿನಲ್ಲಿ ಹೋಗಿರುವ ಕಾರ್ಡಿನ ಫೋಟೊ ಕಳಿಸಿದ್ದಾರೆ. ಇನ್ನೊಂದು ಕಡೆ ಹೊಸ ಸಿಝಡ್ 457 ರೈಫಲ್ ಇದೆ. ಯಾವುದು ಜಾಸ್ತಿ ನಿಖರ?

ಉತ್ತರ: ನಿಮಗೆ ಎಷ್ಟು ನಿಖರತೆ ಬೇಕು ಅನ್ನುವುದನ್ನು ಮೊದಲು ಲೆಕ್ಕ ಹಾಕೋಣ. 50 ಮೀಟರ್ ಗುರಿಯಲ್ಲಿ ಹತ್ತರ ರಿಂಗ್ 10.4 ಮಿಮೀ ಅಗಲ. ಗುಂಡು 5.6 ಮಿಮೀ, .22 ಅಂದರೆ 0.22 ಇಂಚು, ಅದೇ ಇದು. ಗುಂಡು ಗೆರೆ ಮುಟ್ಟಿದರೂ ಹತ್ತು ಸಿಗುತ್ತದೆ. ಅಂದರೆ ತೂತಿನ ನಡುಭಾಗ ಗುರಿಯ ನಡುವಿನಿಂದ 8 ಮಿಮೀ ಒಳಗೆ ಬಿದ್ದರೆ ಸಾಕು. ತೂತಿನ ನಡುವಿನಿಂದ ತೂತಿನ ನಡುವಿಗೆ ಅಳೆದಾಗ 16 ಮಿಮೀ ವೃತ್ತದೊಳಗೆ ಎಲ್ಲ ಗುಂಡು ಹಾಕುವ ರೈಫಲ್, ನಿಮ್ಮ ಕಡೆಯಿಂದ ತಪ್ಪಿಲ್ಲದಿದ್ದರೆ, ಎಲ್ಲವನ್ನೂ ಹತ್ತಕ್ಕೇ ಹೊಡೆಯುತ್ತದೆ. ಚೆನ್ನಾಗಿಟ್ಟ ಮ್ಯಾಚ್ (ಸ್ಪರ್ಧೆಯ) ರೈಫಲ್ ಒಳ್ಳೆಯ ಗುಂಡಿನಲ್ಲಿ ಇದಕ್ಕಿಂತ ಚಿಕ್ಕ ಗ್ರೂಪ್ (ಗುರಿಯ ಮೇಲೆ ಬಿದ್ದ ತೂತುಗಳ ಗುಂಪು) ಕೊಡುತ್ತದೆ. ದಶಾಂಶದಲ್ಲಿ ಅಂಕ ಎಣಿಸುವ ಫೈನಲ್‌ನಲ್ಲಿ ಆ ಚಿಕ್ಕ ಅಂತರಕ್ಕೂ ಬೆಲೆ ಇದೆ. ಆದರೆ ಅಲ್ಲಿಗೆ ಮುಟ್ಟುವ ತನಕ ಅಂಕ ಕಳೆಯುವುದು ರೈಫಲ್ ಅಲ್ಲ, ನಿಲುವು ಮತ್ತು ಉಸಿರು.

ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅರ್ಹತಾ ಸುತ್ತಿನಲ್ಲಿ ಅವರ ಅಂಕ 600ಕ್ಕೆ 590. ಅಂಥ ಶೂಟರ್, ಅಂಥ ರೈಫಲ್ ಇದ್ದರೂ ಹತ್ತು ಅಂಕ ಹೋಗುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದುಡ್ಡು ಖರ್ಚು ಮಾಡಿ.

ಈಗ ಎರಡು ರೈಫಲ್ ವಿಷಯ. ಸಿಝಡ್ 457 ಒಳ್ಳೆಯ ಬಂದೂಕು, ಅದರ ಬ್ಯಾರೆಲ್ ಬಗ್ಗೆ ನನಗೆ ತಕರಾರಿಲ್ಲ. ಸ್ಕೋಪ್ ಹಾಕಿ ಮೇಜಿನ ಮೇಲಿಟ್ಟು ಹೊಡೆಯುವವರಿಗೆ ಅದನ್ನೇ ಹೇಳುತ್ತೇನೆ. ಥ್ರೀ ಪೊಸಿಷನ್‌ನಲ್ಲಿ ಮೊಣಕಾಲೂರಿ, ಮಲಗಿ, ನಿಂತು ಹೊಡೆಯಬೇಕು. ಮೂರಕ್ಕೂ ಕೆನ್ನೆಯ ಎತ್ತರ, ಭುಜದ ಹಿಡಿ, ಸ್ಟಾಕಿನ (ಬ್ಯಾರೆಲ್ ಕೂರುವ, ಕೈಯಲ್ಲಿ ಹಿಡಿಯುವ ಮೈಯ) ಉದ್ದ ಬೇರೆ ಬೇರೆ ಬೇಕಾಗುತ್ತದೆ. ಡಯಾಪ್ಟರ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಬೇಕು, ಹಗುರವಾದ ಎರಡು ಹಂತದ ಟ್ರಿಗರ್ ಬೇಕು. 1907 ಈ ಕೆಲಸಕ್ಕೆಂದೇ ಹುಟ್ಟಿದ ರೈಫಲ್. ಬ್ಯಾರೆಲ್ ಚೆನ್ನಾಗಿದ್ದರೆ ಹಳೆಯದನ್ನೇ ತಗೊಳ್ಳಿ.

ಆ ಫೋಟೊವನ್ನು ಮಾತ್ರ ನಂಬಬೇಡಿ. ಐದು ಗುಂಡಿನ ಒಂದು ಗ್ರೂಪ್ ಯಾವ ರೈಫಲ್‌ನಿಂದಲೂ ಒಮ್ಮೆ ಬಂದುಬಿಡುತ್ತದೆ. ಹತ್ತು ಗುಂಡಿನ ಗ್ರೂಪ್, ಒಂದರ ಹಿಂದೊಂದು, ಯಾವುದನ್ನೂ ತೆಗೆದುಹಾಕದೆ ತೋರಿಸಲು ಹೇಳಿ. ಯಾವ ಗುಂಡು, ಯಾವ ಲಾಟ್ (ಕಾರ್ಖಾನೆಯಲ್ಲಿ ಒಮ್ಮೆಗೆ ತಯಾರಾದ ಕಂತು) ಅಂತಲೂ ಕೇಳಿ.

ಅವರದೇ ಮುಂದಿನ ಪ್ರಶ್ನೆ: ನೋಡಲು ಹೋದಾಗ ಏನೇನು ಪರೀಕ್ಷಿಸಲಿ?

ಉತ್ತರ: ಬೋಲ್ಟ್ ತೆಗೆಸಿ, ರೈಫಲ್ ಖಾಲಿ ಇದೆ ಅಂತ ನೀವೇ ಕಣ್ಣಾರೆ ನೋಡಿ. ಆಮೇಲೆ ಬ್ಯಾರೆಲ್ ತುದಿ. ಅಲ್ಲಿನ ಅಂಚಿನಲ್ಲಿ ಚಿಕ್ಕ ಗೀರು ಇದ್ದರೂ ಗುಂಡು ಹೊರಬೀಳುವಾಗ ಅದರ ಹಿಂದಿನ ಬಿಸಿ ಅನಿಲ ಒಂದು ಪಕ್ಕಕ್ಕೆ ಜಾಸ್ತಿ ನುಗ್ಗಿ ದಾರಿ ಕೆಡಿಸುತ್ತದೆ. ತುದಿಯ ಕಡೆಯಿಂದ ಕಡ್ಡಿ ಹಾಕಿ ಒರೆಸಿದ ರೈಫಲ್‌ಗಳಲ್ಲಿ ಇದು ಕಾಣಸಿಗುತ್ತದೆ. ಚೇಂಬರಿನ (ಕಾಡತೂಸು ಕೂರುವ ಜಾಗದ) ಬಾಯಿಯ ಅಂಚು ನೋಡಿ. ಖಾಲಿ ಟ್ರಿಗರ್ ಹೊಡೆದೂ ಹೊಡೆದೂ ಪಿನ್ ಬಡಿದು ಅಲ್ಲಿ ಕುಳಿ ಬಿದ್ದಿರಬಹುದು. ಚೇಂಬರ್ ಮುಗಿದು ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು ಶುರುವಾಗುವ ಜಾಗದಲ್ಲಿ ಕಪ್ಪು ಉಂಗುರದಂತೆ ಸವೆತ ಕಂಡರೆ ತುಂಬಾ ಗುಂಡು ಹೋಗಿದೆ ಅಂತ ಅರ್ಥ.

ಸ್ಟಾಕಿನ ಸ್ಕ್ರೂ ಬಿಗಿ ಇದೆಯಾ ನೋಡಿ. ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಸ್ವಲ್ಪ ಅಲುಗಿದರೂ ಗ್ರೂಪ್ ಎರಡಾಗಿ ಒಡೆಯುತ್ತದೆ. ಪಾಪ, ಬ್ಯಾರೆಲ್ ಮೇಲೆ ಸುಮ್ನೆ ಅಪವಾದ ಬರುತ್ತದೆ.

ಕೊನೆಗೆ ರೈಫಲ್ ಹೆಗಲಿಗೇರಿಸಿ ಕಣ್ಣು ಮುಚ್ಚಿ, ಆರಾಮಾಗಿ ನಿಂತು ಕಣ್ಣು ಬಿಡಿ. ಸೈಟ್ ಕಣ್ಣಿನ ಮುಂದೆಯೇ ಇರಬೇಕು. ಕತ್ತು ಬಗ್ಗಿಸಿ ಹುಡುಕಬೇಕಾದರೆ, ಸ್ಟಾಕ್ ಹೊಂದಿಸಿದ ಮೇಲೂ ಹಾಗೇ ಆದರೆ, ಅದು ನಿಮ್ಮ ಮೈಗೆ ಹೊಲಿದ ಅಂಗಿಯಲ್ಲ. ಬಿಟ್ಟುಬಿಡಿ.

ಹೊಡೆದು ನೋಡುವುದು ರೇಂಜಿನಲ್ಲೇ, ಮಾಲೀಕರ ಎದುರಿನಲ್ಲೇ. ನಿಮ್ಮ ಪರವಾನಗಿ ಕೈಗೆ ಬರುವ ಮೊದಲು ಮುಂಗಡ ಕೊಡಬೇಡಿ. ರೈಫಲ್ ನಂಬರ್ ನಿಮ್ಮ ಪರವಾನಗಿಯಲ್ಲಿ ದಾಖಲಾಗಬೇಕು, ಸುಮ್ನೆ ಕೈಬದಲು ಮಾಡಿಕೊಂಡರೆ ಇಬ್ಬರ ಮೇಲೂ ಕೇಸು ಬೀಳುತ್ತದೆ.

ಪ್ರಶ್ನೆ (ಅಥಣಿ): ನನ್ನ .22 ಮೊದಲು ಚೆನ್ನಾಗಿ ಹೊಡೆಯುತ್ತಿತ್ತು. ಈ ಸಲ ಜಾಸ್ತಿ ವೇಗದ ಗುಂಡು ತಂದೆ, ಗ್ರೂಪ್ ದೊಡ್ಡದಾಯಿತು. ಬ್ಯಾರೆಲ್ ಹೋಯಿತಾ?

ಉತ್ತರ: ಬ್ಯಾರೆಲ್ ಹೋಗಿಲ್ಲ. ವೇಗ ಜಾಸ್ತಿ ಆದರೆ ನಿಖರತೆಯೂ ಜಾಸ್ತಿ ಅಂತ ಬಹಳ ಜನ ಅಂದುಕೊಂಡಿದ್ದಾರೆ, .22ರಲ್ಲಿ ಅದು ಉಲ್ಟಾ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ನಮ್ಮ ಬೇಸಿಗೆಯಲ್ಲಿ 350ರ ಮೇಲೆ. ಹೈ ವೆಲಾಸಿಟಿ ಗುಂಡು ಅದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ನಿಧಾನವಾಗುತ್ತಾ ಶಬ್ದದ ವೇಗದ ಗಡಿ ದಾಟುತ್ತದೆ. ಆ ಗಡಿಯಲ್ಲಿ ಗುಂಡು ತೂರಾಡುತ್ತದೆ. ಮ್ಯಾಚ್ ಗುಂಡು 320, 330ರ ಆಸುಪಾಸಿನಲ್ಲೇ ಹೊರಡುತ್ತದೆ, ಆ ಗಡಿಯ ತಂಟೆಗೇ ಹೋಗುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಒಂದು ಗುಂಡು 320ರಲ್ಲಿ, ಇನ್ನೊಂದು 330ರಲ್ಲಿ ಹೊರಟರೆ 50 ಮೀಟರಿನಲ್ಲಿ ಎರಡರ ನಡುವೆ ಮೇಲೆ-ಕೆಳಗೆ ಸುಮಾರು 7 ಮಿಮೀ ಅಂತರ ಬರುತ್ತದೆ. ಈ ಗುರಿಯಲ್ಲಿ ಒಂದು ರಿಂಗಿಗೆ 8 ಮಿಮೀ. ನೀವು ಏನೂ ತಪ್ಪು ಮಾಡದೆಯೂ ಹೆಚ್ಚೂಕಡಿಮೆ ಒಂದು ರಿಂಗ್ ಹೋಯಿತು. .22ರಲ್ಲಿ ಸಿಡಿಮದ್ದು ಕಾಡತೂಸಿನ ತಳದ ಅಂಚಿನ ಒಳಗೆ ಇರುತ್ತದೆ. ಅದು ಸುತ್ತಲೂ ಒಂದೇ ಸಮ ಹರಡಿರಬೇಕು. ದುಬಾರಿ ಮ್ಯಾಚ್ ಗುಂಡಿಗೆ ನಾವು ದುಡ್ಡು ಕೊಡುವುದು ಈ ಸಮಾನತೆಗೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ರೈಫಲ್ ಒಂದೇ ನಿಖರ ಆಗಿರುವುದಿಲ್ಲ, ಆ ಬ್ಯಾರೆಲ್ ಮತ್ತು ಆ ಲಾಟಿನ ಗುಂಡು ಸೇರಿ ನಿಖರ ಆಗುತ್ತವೆ. ಎಲೀ, ಆರ್‌ಡಬ್ಲ್ಯೂಎಸ್, ಲಾಪುವಾ, ಎಸ್‌ಕೆ, ಎಲ್ಲವೂ ಒಳ್ಳೆಯವೇ. ಆದರೆ ಪಕ್ಕದವರ ರೈಫಲ್‌ಗೆ ಒಪ್ಪಿದ ಲಾಟ್ ನಿಮ್ಮದಕ್ಕೆ ಒಪ್ಪದೇ ಇರಬಹುದು. ಅದೇ ಬ್ರಾಂಡಿನ ಎರಡು ಲಾಟ್‌ಗಳೇ ಬೇರೆ ಬೇರೆ ಕಡೆ ಬೀಳುತ್ತವೆ. ಸಿಕ್ಕಷ್ಟು ಲಾಟ್‌ಗಳನ್ನು ಒಂದೊಂದು ಬಾಕ್ಸ್ ತಂದು, ಒಂದೇ ಬೆಳಗ್ಗೆ, ಗಾಳಿ ಇಲ್ಲದಾಗ ಹತ್ತತ್ತು ಗುಂಡು ಹೊಡೆದು ನೋಡಿ. ಒಪ್ಪಿದ್ದು ಸಿಕ್ಕರೆ ಪರವಾನಗಿಯ ಮಿತಿಯೊಳಗೆ ಆ ಲಾಟನ್ನೇ ಜಾಸ್ತಿ ತಂದಿಟ್ಟುಕೊಳ್ಳಿ. ಗುಂಡು ಬದಲಿಸಿದಾಗ ಮೊದಲ ಕೆಲವು ಹೊಡೆತ ಲೆಕ್ಕಕ್ಕಿಲ್ಲ, ಬ್ಯಾರೆಲ್ ಒಳಗೆ ಹಳೆಯ ಗುಂಡಿನ ಮೇಣದ ಪದರ ಹೋಗಿ ಹೊಸದು ಕೂರಬೇಕು.

ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಗುಂಡಿನ ಡಬ್ಬಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಮ್ಮ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ವೇಗವೂ ಬದಲಾಗುತ್ತದೆ.

ಪ್ರಶ್ನೆ (ವಿಜಯಪುರ): ಮಗಳಿಗೆ 13 ವರ್ಷ. ಶಾಲೆಯ ಸ್ಪರ್ಧೆಗೆ ಏರ್ ರೈಫಲ್ ಕೊಡಿಸಬೇಕು. ಸ್ಪ್ರಿಂಗಿನದಾ, ಒತ್ತಿದ ಗಾಳಿಯನ್ನು ಸಿಲಿಂಡರಿಗೆ ತುಂಬಿಸುವ ಪಿಸಿಪಿಯಾ? ಪರವಾನಗಿ ಬೇಕಾ?

ಉತ್ತರ: 4.5 ಮಿಮೀ ಬೋರಿನ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಪರವಾನಗಿ ಬೇಡ. ಮ್ಯಾಚ್ ಏರ್ ರೈಫಲ್‌ನ ಶಕ್ತಿ 7.5 ಜೂಲ್ ಆಸುಪಾಸು ಅಷ್ಟೇ. ಬಿಲ್ ಜೋಪಾನ ಮಾಡಿ, ರೇಂಜಿಗೆ ಒಯ್ಯುವಾಗ ಜೊತೆಗಿರಲಿ.

ಸ್ಪರ್ಧೆಗಾದರೆ ಪಿಸಿಪಿ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ ಒಳಗಿನ ಪಿಸ್ಟನ್ ಹಿಂದೆ ಮುಂದೆ ಒದೆಯುತ್ತದೆ. ಹಿಡಿತ ಚೂರು ಬದಲಾದರೂ ಗುರಿ ಬದಲು. 10 ಮೀಟರ್ ಗುರಿಯಲ್ಲಿ ಹತ್ತರ ರಿಂಗ್ ಅಂದರೆ ಅರ್ಧ ಮಿಲಿಮೀಟರಿನ ಚುಕ್ಕೆ, ಮಗು ಎಷ್ಟು ಕಷ್ಟಪಟ್ಟರೂ ಅಳು ಬರುತ್ತದೆ. ಆದರೆ ಈಗಲೇ ಕೊಳ್ಳಬೇಡಿ. ಈ ವಯಸ್ಸಿನಲ್ಲಿ ತೋಳು, ಕತ್ತು ಬೆಳೆಯುತ್ತಿರುತ್ತವೆ. ಒಂದು ಸೀಸನ್ ಕ್ಲಬ್ಬಿನ ರೈಫಲ್ ಸಾಕು. ನಿಯಮದಲ್ಲಿ 5.5 ಕಿಲೊ ತನಕ ಅವಕಾಶ ಇದೆ ಅಂತ ಭಾರದ್ದು ಕೊಡಬೇಡಿ, ಬೆನ್ನು ಹಾಳಾಗುತ್ತದೆ. ಜಾಕೆಟ್ ಮತ್ತು ಬೂಟು ಮೊದಲು ಅಳತೆಗೆ ಸರಿಯಾಗಿ ಕೊಡಿಸಿ.

ಮುಂದೆ ಕೊಳ್ಳುವಾಗ 200 ಬಾರ್ ಒತ್ತಡದ ಗಾಳಿ ನಿಮ್ಮೂರಲ್ಲಿ ಎಲ್ಲಿ ತುಂಬಿಸುತ್ತೀರಿ ಅನ್ನುವುದನ್ನು ಮೊದಲೇ ವಿಚಾರಿಸಿ. ಹಳೆಯ ರೈಫಲ್ ಆದರೆ ಸಿಲಿಂಡರ್ ಮೇಲಿನ ತಾರೀಖು ಓದಿ. ಅವಧಿ ಮುಗಿದ ಸಿಲಿಂಡರ್ ಅಪಾಯ, ಸ್ಪರ್ಧೆಯಲ್ಲೂ ಬಿಡುವುದಿಲ್ಲ.

ಪ್ರಶ್ನೆ (ಖಾನಾಪುರ): ಕಬ್ಬಿಗೆ ಕಾಡುಹಂದಿ ಕಾಟ. ಟಾರ್ಗೆಟ್ .22 ತಗೊಂಡರೆ ಎರಡೂ ಕೆಲಸ ಆಗುತ್ತಾ?

ಉತ್ತರ: ಆಗುವುದಿಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. .22 ಗುಂಡು ಹಂದಿಯನ್ನು ಗಾಯ ಮಾಡಿ ಬಿಡುತ್ತದೆ, ಗಾಯಗೊಂಡ ಹಂದಿ ಹೊಲಕ್ಕೆ ಬಂದವರ ಮೇಲೆ ಏರಿ ಹೋಗುತ್ತದೆ. ತಪ್ಪಿದ ಗುಂಡು ಒಂದು ಕಿಲೊಮೀಟರಿಗಿಂತ ದೂರ ಹಾರಬಲ್ಲದು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಇದಕ್ಕೆ ನಾನು ರೈಫಲ್ ಹೇಳಿಕೊಡುವುದಿಲ್ಲ.

ಪ್ರಶ್ನೆ (ಬೆಳಗಾವಿ): ನಮ್ಮ ಮಳೆಗಾಲದಲ್ಲಿ ರೈಫಲ್ ಹೇಗೆ ಕಾಪಾಡುವುದು? ಆಷಾಢದ ಗಾಳಿಯಲ್ಲಿ ಅಭ್ಯಾಸ ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ. ಗಂಟೆಗೆ 16 ಕಿಲೊಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ .22 ಗುಂಡನ್ನು ಒಂದು ಇಂಚಿನ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ಮೂರು ರಿಂಗ್! ಇದನ್ನು ಓದುವುದು ಗಾಳಿಯಲ್ಲೇ ಕಲಿಯಬೇಕು. ಬಣ್ಣದ ರಿಬ್ಬನ್ ಕಟ್ಟಿದ ಕಡ್ಡಿಗಳನ್ನು ದಾರಿಯುದ್ದಕ್ಕೂ ನೆಡಿ, ಯಾವ ಗಾಳಿಗೆ ಗುಂಡು ಎಲ್ಲಿ ಬಿತ್ತು ಅಂತ ಬರೆದಿಡಿ. ಆದರೆ ಹೊಸ ಲಾಟ್ ಪರೀಕ್ಷೆ ಮಾತ್ರ ಆ ದಿನ ಬೇಡ.

ರೇಂಜಿನಿಂದ ಬಂದ ಕೂಡಲೇ ರೈಫಲ್ ಚೀಲದಿಂದ ಹೊರತೆಗೆದು ಆರಲು ಬಿಡಿ. ಫೋಮ್ ಪೆಟ್ಟಿಗೆ ಒದ್ದೆ ಹಿಡಿದುಕೊಳ್ಳುತ್ತದೆ, ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಬರುತ್ತದೆ. ಹೊರಮೈಗೆ ತೆಳ್ಳಗೆ ಎಣ್ಣೆ ಒರೆಸಿ. ಬ್ಯಾರೆಲ್ ಒಳಗೆ ಚೇಂಬರ್ ಕಡೆಯಿಂದಲೇ, ಕಡ್ಡಿ ನೇರ ಹೋಗುವಂತೆ ಗೈಡ್ ಹಾಕಿ, ಬಟ್ಟೆ ಎಳೆಯಿರಿ. ಮರದ ಸ್ಟಾಕ್ ಆದರೆ ಮಳೆಗಾಲ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಸ್ಕ್ರೂಗಳನ್ನು ಟಾರ್ಕ್ ವ್ರೆಂಚಿನಿಂದ ಕಂಪನಿ ಹೇಳಿದ ಅಳತೆಗೆ ಬಿಗಿ ಮಾಡಿ. ಆಮೇಲೆ ಸೈಟ್ ಮತ್ತೆ ಸೊನ್ನೆ ಮಾಡಿಕೊಳ್ಳಿ, ಅಂದರೆ ಗುಂಡು ಗುರಿಯ ನಡುವಿಗೇ ಬೀಳುವಂತೆ ಹೊಂದಿಸಿಕೊಳ್ಳಿ.